ಪ್ರಕಾಶಕರು ಬಾಗಿಲು ಹಾಕಿದ್ರೆ ಪುಸ್ತಕ ಯಾರದು?

ಕೆ.ಆರ್.ಪೇಟೆಯ ಕಿಕ್ಕೇರಿ ಕೆ.ಎಸ್.ನ. ಊರು, ಪಾಂಡವಪುರದ ಮೇಲುಕೋಟೆ ಪು.ತಿ.ನ. ಊರು, ಬಿ.ಎಂ.ಶ್ರೀ ಹೆಸರಲ್ಲಿರೋ ‘ಬಿ’ ನಾಗಮಂಗಲದ ಬೆಳ್ಳೂರು. ಈ ಕಡೆ ಈಗಲೂ ಬರೆಯೋರಿದ್ದಾರೆ. ಆದ್ರೆ ಪುಸ್ತಕ ಹಾಕೋ ಸಣ್ಣ ಪ್ರಕಾಶಕರು, ಲೈಬ್ರರಿ ಬಿಲ್ ತಡವಾದ್ರೂ ಸಾಕು, ಕೈಚೆಲ್ಲಬಹುದು.

ಆಗ ಲೇಖಕರು ಮೊದಲು ಹುಡುಕಬೇಕಾದ್ದು ಅಗ್ರಿಮೆಂಟ್. ಬರೀ ಪ್ರಿಂಟ್ ಮಾಡೋಕೆ ಒಪ್ಪಿಗೆ ಕೊಟ್ಟಿದ್ರೆ ಹಕ್ಕು ಅವರ ಹತ್ರಾನೇ ಇರುತ್ತೆ. ಹಕ್ಕನ್ನೇ ಬರೆದುಕೊಟ್ಟು, ಎಷ್ಟು ವರ್ಷ ಅಂತ ಹಾಕಿಲ್ಲದಿದ್ರೆ, 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ 5 ವರ್ಷಕ್ಕೆ ಅದು ಮುಗೀತು. (1995ಕ್ಕಿಂತ ಹಳೇ ಪತ್ರಗಳಿಗೆ ಈ ಲೆಕ್ಕ ಇಲ್ಲ.)

ಆಮೇಲೆ ಡಿಟಿಪಿ ಫೈಲ್. ಅಂಗಡಿ ಮುಚ್ಚೋ ಮುಂಚೇನೇ ಇಸ್ಕೊಬೇಕು, ಇಲ್ಲಾಂದ್ರೆ ಮತ್ತೆ ಟೈಪ್ ಮಾಡಿಸೋ ಖರ್ಚು. ಫೈಲ್ ಹಳೇ ನುಡಿ ಫಾಂಟಲ್ಲಿದ್ರೆ ಯೂನಿಕೋಡ್‌ಗೆ ಬದಲಾಯಿಸಿಕೊಡಿ. ನಮಗೆ ಅದು ಒಂದು ಸಂಜೆ ಕೆಲಸ.