ತಾರಸಿಗಳ ಪೇಟೆ

ನಗರದ ಚಿತ್ರವನ್ನು ಕಂಪ್ಯೂಟರಿನಲ್ಲಿ ಕಟ್ಟಲು ಹೊರಟವರಿಗೆ ಮೊದಲು ಸಿಗುವುದು ರೆಡಿಮೇಡ್ ಕಟ್ಟಡಗಳ ರಾಶಿ. ಗಾಜಿನ ಗೋಪುರ, ಇಟ್ಟಿಗೆ ಮನೆ, ಬೀದಿದೀಪ, ಮರ ಎಲ್ಲವೂ ಡೌನ್‌ಲೋಡ್‌ಗೆ ಸಿದ್ಧ. ಸಾಲಾಗಿ ಜೋಡಿಸಿ, ಸಂಜೆಯ ಬೆಳಕು ಹಾಕಿ, ರೆಂಡರ್ ಒತ್ತಿದರೆ ಚೆಂದದ ಊರೊಂದು ಮೂಡುತ್ತದೆ. ಅದು ಟೊರಾಂಟೊ ಆಗಬಹುದು, ದುಬೈ ಆಗಬಹುದು. ಚಿಕ್ಕಪೇಟೆ ಮಾತ್ರ ಆಗುವುದಿಲ್ಲ. ಬೆಂಗಳೂರಿನ ಹಳೆಯ ಪೇಟೆಗಳನ್ನು ಒಂದೊಂದಾಗಿ ಬಿಡಿಸುವ ಚಿತ್ರಸರಣಿಗೆ ಕೈಹಾಕಿದಾಗ ನಾನು ಹಾಕಿಕೊಂಡ ಮೊದಲ ಕಟ್ಟಳೆಯೇ ಇದು: ಬೇರೆ ಊರಿನವರು ಕಟ್ಟಿಟ್ಟ ಒಂದು ಕಿಟಕಿಯೂ ಒಳಗೆ ಬರಕೂಡದು.

ಕೆಲಸ ನಡೆಯುವುದು ಬ್ಲೆಂಡರ್‌ನಲ್ಲಿ. ನೆದರ್‌ಲೆಂಡ್ಸ್‌ನ ಟಾನ್ ರೋಸೆಂಡಾಲ್ ರೂಪಿಸಿದ ಈ ತಂತ್ರಾಂಶದ ಕಂಪನಿ ಮುಚ್ಚಿಹೋದಾಗ, 2002ರಲ್ಲಿ ಬಳಕೆದಾರರೇ ಏಳು ವಾರಗಳಲ್ಲಿ 1 ಲಕ್ಷ ಯೂರೊ ಕೂಡಿಸಿ ಅದನ್ನು ಎಲ್ಲರಿಗೂ ಮುಕ್ತವಾಗಿಸಿದರು. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ ‘ಫ್ಲೋ’ ಅನಿಮೇಷನ್ ಚಿತ್ರ ತಯಾರಾದದ್ದೂ ಇದರಲ್ಲೇ. ದಾವಣಗೆರೆಯಲ್ಲೋ ಕಲಬುರಗಿಯಲ್ಲೋ ಚಿತ್ರಕಲೆ ಓದುವ ಹುಡುಗಿಗೆ ಲೈಸೆನ್ಸ್ ದುಡ್ಡಿನ ಚಿಂತೆಯಿಲ್ಲದೆ ಅದೇ ಸಲಕರಣೆ ಕೈಗೆ ಸಿಗುತ್ತದೆ ಎಂಬುದು ಸಣ್ಣ ಸಂಗತಿಯಲ್ಲ.

ನೆಲದ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಬರುತ್ತದೆ. ರಸ್ತೆಗಳ ಗೆರೆ ನಂಬುವಂತಿರುತ್ತದೆ, ಕಟ್ಟಡಗಳದ್ದು ಹಾಗಲ್ಲ. ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಸಾಲು ಹಲವೆಡೆ ಒಂದೇ ಮುದ್ದೆಯಾಗಿ ಕಾಣುತ್ತದೆ. ಅದನ್ನು ಬಿಡಿಸಬೇಕಾದರೆ ಬೀದಿಗಿಳಿದು ನಡೆಯಲೇಬೇಕು. ಶಟರ್‌ಗಳನ್ನು ಎಣಿಸಿದರೆ ಅಂಗಡಿಯ ಅಗಲ ಸುಮಾರಾಗಿ ಸಿಗುತ್ತದೆ, ಮೆಟ್ಟಿಲು ಎಣಿಸಿದರೆ ಮಹಡಿಯ ಎತ್ತರ. ಒಳಗಿನ ಅಂಗಳವಂತೂ ಯಾರಾದರೂ ಒಳಗೆ ಕರೆದರೆ ಮಾತ್ರ ಕಾಣುವಂಥದ್ದು. 1734ರಲ್ಲಿ ಪ್ಯಾರಿಸ್ ನಗರವನ್ನು ಬರೆಯಲು ಹೊರಟ ಲೂಯಿ ಬ್ರೆತೆಗೆ ಮನೆ, ಮಹಲು, ತೋಟಗಳ ಒಳಗೆ ಹೋಗಲು ಅಧಿಕೃತ ಅನುಮತಿಯಿತ್ತು. 1739ರಲ್ಲಿ 20 ಹಾಳೆಗಳಲ್ಲಿ ಹೊರಬಂದ ಆ ನಕ್ಷೆಯಲ್ಲಿ ಹಿತ್ತಲುಗಳೂ ಕಾಣುವುದು ಅದರಿಂದಲೇ. ನಗರತಪೇಟೆಯ ಮನೆಯವರು ಬಾಗಿಲು ತೆರೆದು ಒಳಗೆ ಕರೆದಾಗಲೆಲ್ಲ ಆ ಮನುಷ್ಯನ ಭಾಗ್ಯ ನೆನಪಾಗುತ್ತದೆ.

ನಿಜವಾದ ತೊಡಕು ಕ್ಯಾಮೆರಾದ್ದು. ನಗರದ ಇಂಥ ಚಿತ್ರಗಳಿಗೆ ರೂಢಿಯಾಗಿರುವುದು ಐಸೊಮೆಟ್ರಿಕ್ ನೋಟ. ದೂರದ ಕಟ್ಟಡವೂ ಹತ್ತಿರದ್ದೂ ಒಂದೇ ಅಳತೆಯಲ್ಲಿ ನಿಲ್ಲುವುದರಿಂದ ಒಂದು ಚಿತ್ರದ ಅಂಚು ಇನ್ನೊಂದಕ್ಕೆ ಕೂಡಿಕೊಳ್ಳುತ್ತದೆ, ಸರಣಿಗೆ ಹೇಳಿಮಾಡಿಸಿದ್ದು. ಆದರೆ ಆ ನೋಟ ಕೆಳಗಿಳಿಯುವುದು ಸುಮಾರು 35 ಡಿಗ್ರಿ ಕೋನದಲ್ಲಿ. ಲೆಕ್ಕ ಹಾಕಿ: 40 ಅಡಿ ಎತ್ತರದ ಕಟ್ಟಡ ತನ್ನ ಹಿಂದಿನ ಸುಮಾರು 57 ಅಡಿ ನೆಲವನ್ನು ಮರೆಮಾಡುತ್ತದೆ. ಪೇಟೆಯ ಗಲ್ಲಿಗಳಲ್ಲಿ ಅಷ್ಟು ಜಾಗ ಎಲ್ಲಿ? ಬೀದಿ ಪೂರ್ತಿ ಮಾಯವಾಗುತ್ತದೆ. 1962ರಲ್ಲಿ ನ್ಯೂಯಾರ್ಕಿನ ನಕ್ಷೆ ಮಾಡಿದ ಜರ್ಮನಿಯ ಹರ್ಮನ್ ಬೋಲ್‌ಮನ್ ಇದೇ ತೊಂದರೆಗೆ ರಸ್ತೆಗಳನ್ನು ಅಗಲಿಸಿ ಬರೆದರು. ಮ್ಯಾನ್‌ಹಟನ್‌ಗೆ ಅದು ಒಪ್ಪುತ್ತದೆ. ಇಕ್ಕಟ್ಟೇ ಜೀವಾಳವಾದ ಮಾಮೂಲ್‌ಪೇಟೆಯ ಗಲ್ಲಿಯನ್ನು ಅಗಲಿಸಿದರೆ ಅದು ಮಾಮೂಲ್‌ಪೇಟೆಯಾಗಿ ಉಳಿಯುವುದಿಲ್ಲ. ಹಾಗಾಗಿ ಕ್ಯಾಮೆರಾವನ್ನೇ ಮೇಲಕ್ಕೇರಿಸಿ 60 ಡಿಗ್ರಿಗೆ ತಂದೆ. ಮರೆಯಾಗುವ ನೆಲ 23 ಅಡಿಗೆ ಇಳಿಯಿತು. ಗಲ್ಲಿಯ ಒಂದು ಅಂಚು ಕಾಣತೊಡಗಿತು. ಅದಕ್ಕಿಂತ ಹೆಚ್ಚಾಗಿ, ಚಿತ್ರದ ತುಂಬ ತಾರಸಿಗಳು ಬಂದು ಕೂತವು.

ಆ ಮೇಲೆ ಕೆಲಸವೆಲ್ಲ ತಾರಸಿಯದ್ದೇ ಆಯಿತು. ಕಪ್ಪು ನೀರಿನ ಟ್ಯಾಂಕು, ಮುಂದಿನ ಮಹಡಿಗೆಂದು ಬಿಟ್ಟು ತುಕ್ಕು ಹಿಡಿದ ಕಂಬಿಗಳು, ಒಗೆದ ಬಟ್ಟೆಯ ಹಗ್ಗ, ತಗಡಿನ ಶೀಟು ಹೊದಿಸಿದ ಗೋಡೌನು, ತುಳಸಿಕಟ್ಟೆ, ಅಲ್ಲಲ್ಲಿ ಉಳಿದ ಮಂಗಳೂರು ಹೆಂಚು. ಒಂದು ಹೆಂಚನ್ನು ಸರಿಯಾಗಿ ಮಾಡಿದರೆ ಸಾಕು, ಕಂಪ್ಯೂಟರು ಅದನ್ನೇ ಸಾವಿರ ಸಲ ತೋರಿಸುತ್ತದೆ; ಮೆಮೊರಿಗೆ ಭಾರವಾಗುವುದಿಲ್ಲ. ಆದರೆ ಸಾವಿರ ಹೆಂಚೂ ಒಂದೇ ತೆರನಾಗಿದ್ದರೆ ಆ ಮಾಡಿನ ಮೇಲೆ ಒಂದು ಮಳೆಯೂ ಬಿದ್ದಿಲ್ಲವೆನಿಸುತ್ತದೆ. ಆದ್ದರಿಂದ ಪ್ರತಿ ಹೆಂಚಿನ ಬಣ್ಣ, ವಾಲು ಕೊಂಚ ಕೊಂಚ ಬದಲಾಗುವಂತೆ ಮಾಡಿ, ಒಂದೆರಡನ್ನು ಕೈಯಾರೆ ಜರುಗಿಸುತ್ತೇನೆ. ಇವೇ ಸಣ್ಣಪುಟ್ಟವನ್ನು ‘ಗಲೀಜು’ ಎಂದು ಅಳಿಸಿ ಹಾಕುವ ಚಿತ್ರಗಳನ್ನು ಕಂಡರೆ ನನಗೆ ನೋವಾಗುತ್ತದೆ. ಮನೆ ಕಟ್ಟಿಕೊಂಡವರ ಆಸೆ ಆ ಕಂಬಿಗಳಲ್ಲಿದೆ.

ಬಿಸಿಲೂ ಊರಿನದ್ದೇ ಆಗಿರಬೇಕು. ಸ್ಥಳ, ದಿನ, ಹೊತ್ತು ಕೊಟ್ಟರೆ ಸೂರ್ಯನನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವ ಸೌಲಭ್ಯ ಬ್ಲೆಂಡರ್‌ಗಿದೆ. ಡಿಸೆಂಬರ್ ಕೊನೆಯ ನಡುಹಗಲಲ್ಲಿ ಆಮ್‌ಸ್ಟರ್‌ಡ್ಯಾಮಿನ ಸೂರ್ಯ ಏರುವುದು 14 ಡಿಗ್ರಿಯಷ್ಟು, ಬೆಂಗಳೂರಿನದು 53 ದಾಟುತ್ತದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ನಮ್ಮ ಸೂರ್ಯ ನೆತ್ತಿಗೇ ಬಂದು ಕಂಬದ ನೆರಳು ಕಂಬದ ಬುಡ ಸೇರುತ್ತದೆ. ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಬಿಸಿಲು ಉತ್ತರದ ಗೋಡೆಗೆ ಬೀಳುತ್ತದೆ. ಯುರೋಪಿನ ಓರೆ ಬೆಳಕನ್ನು ಪೇಟೆಗೆ ಹಾಕಿದರೆ ಏನೋ ತಪ್ಪಿದೆಯೆಂದು ಇಲ್ಲಿ ಹುಟ್ಟಿ ಬೆಳೆದವರ ಕಣ್ಣು ಥಟ್ಟನೆ ಹೇಳುತ್ತದೆ. ದಕ್ಷಿಣೋತ್ತರವಾಗಿ ಹಾದ ಅವೆನ್ಯೂ ರಸ್ತೆಗೆ, ಅಂದರೆ ಹಿಂದಿನ ದೊಡ್ಡಪೇಟೆಗೆ, ವರ್ಷವಿಡೀ ನಡುಹಗಲ ಬಿಸಿಲುಂಟು. ಪೂರ್ವ–ಪಶ್ಚಿಮದ ಗಲ್ಲಿಗಳು ಡಿಸೆಂಬರಿನಲ್ಲಿ ನೆರಳಿನಲ್ಲೇ ಮುಳುಗಿರುತ್ತವೆ. ಸರಣಿಗೆಲ್ಲ ನಾನು ಆರಿಸಿಕೊಂಡದ್ದು ಫೆಬ್ರವರಿಯ ಬೆಳಗಿನ ಒಂಬತ್ತೂವರೆಯನ್ನು. ನೈಋತ್ಯದಿಂದ ನೋಡುವ ಕ್ಯಾಮೆರಾಗೆ ತಾರಸಿ ಬೆಳಗುತ್ತದೆ, ದಕ್ಷಿಣದ ಗೋಡೆ ಹದವಾಗಿರುತ್ತದೆ, ಪಶ್ಚಿಮದ್ದು ತಂಪಾಗಿರುತ್ತದೆ. ಮೂರೇ ಬೆಳಕು, ಚಿತ್ರಕ್ಕೆ ಅಷ್ಟು ಸಾಕು.

ಜನರನ್ನು ನಾನು ಒಬ್ಬೊಬ್ಬರಾಗಿ ಮಾಡೆಲ್ ಮಾಡುವುದಿಲ್ಲ, ರೆಂಡರ್ ಆದ ಮೇಲೆ ಕೈಯಲ್ಲೇ ಬರೆಯುತ್ತೇನೆ. ತಳ್ಳುಗಾಡಿ, ಬಟ್ಟೆಯ ಮೂಟೆ, ಹೊರುವ ಹಮಾಲರ ಬಾಗಿದ ಬೆನ್ನು ಗೆರೆಯಲ್ಲಿ ಬಂದರೇ ಸರಿ.

ಕೊನೆಯ ಚಿತ್ರ ಇನ್ನೂ ನಡೆದಿದೆ. 1791ರಲ್ಲಿ ಕಾರ್ನ್‌ವಾಲಿಸ್ ಸೇನೆ ಪೇಟೆಯನ್ನು ಹಿಡಿದಾಗ ಜೊತೆಗಿದ್ದ ಕ್ಲಾಡ್ ಮಾರ್ಟಿನ್ ಕೋಟೆ–ಪೇಟೆಗಳ ನಕ್ಷೆ ಮಾಡಿದ್ದ. ಅದನ್ನು ಇಂದಿನ ಬೀದಿಗಳ ಮೇಲೆ ಹಾಸಿದರೆ ಎಷ್ಟೋ ಕಡೆ ಹಳೆಯ ಬೀದಿಯ ಜಾಡು ಇನ್ನೂ ಹಿಡಿಯಬಹುದು. ಅದೇ ನೆಲದ ಕೆಳಗೆ 2017ರಿಂದ ಚಿಕ್ಕಪೇಟೆಯ ಮೆಟ್ರೊ ನಿಲ್ದಾಣವಿದೆ. ಕಟ್ಟಿದ ಮಾದರಿಯಲ್ಲಿ ನೆಲವನ್ನು ಸೀಳಿ ಮೂರನ್ನೂ ಒಟ್ಟಿಗೆ ತೋರಿಸಬಹುದು. ಮಾರ್ಟಿನ್‌ನ ಗೆರೆಗಳನ್ನು ಕೆಂಪಿನಲ್ಲಿ ನೆಲದ ಮೇಲೆ ಹರಿಸಿದ್ದೇನೆ. ಸುರಂಗವನ್ನು ಅಳತೆ ಖಚಿತವಾಗಿ ಸಿಕ್ಕ ಕಡೆ ಗೋಡೆ ಸಮೇತ ಕಟ್ಟಿ, ಉಳಿದೆಡೆ ಬರಿಯ ರೇಖೆಯಲ್ಲಿ ಬಿಡುತ್ತಿದ್ದೇನೆ.