ಬೇರು ತೊಳೆದು ಬಂದ ಗಿಡಗಳು

ಬ್ಯಾಂಕಾಕಿನ ಪಶ್ಚಿಮಕ್ಕೆ, ನಖೋನ್ ಪಥೋಮ್ ಸುತ್ತಿನ ತೋಟಗಳಲ್ಲಿ, ಹೊರದೇಶಕ್ಕೆ ಹೊರಟ ಗಿಡಕ್ಕೆ ಮೊದಲು ಸ್ನಾನ. ಕುಂಡ ಮಗುಚಿ, ಬುಡ ಹಿಡಿದು ಮೆಲ್ಲಗೆ ಅಲುಗಿಸಿ ಗಿಡವನ್ನು ಹೊರತೆಗೆಯುತ್ತಾರೆ. ಬೇರಿನ ಸಂದಿಗೊಂದಿಯಲ್ಲಿ ಕೂತ ಮಣ್ಣು, ನಾರಿನ ಪುಡಿ, ಕೊಳೆತ ಎಲೆಯ ಚೂರು ಎಲ್ಲ ಹೋಗುವವರೆಗೆ ಪೈಪಿನ ನೀರು ಹಿಡಿಯುತ್ತಾರೆ. ಬಣ್ಣದೆಲೆಯ ಅಗ್ಲೋನಿಮಾ ಗಿಡದ ಬೇರನ್ನು ಆಗ ನೋಡಬೇಕು. ದಪ್ಪಗೆ, ಬೆಳ್ಳಗೆ, ಒಂದರ ಮೇಲೊಂದು ಸುತ್ತಿಕೊಂಡು ಕುಂಡದ ಆಕಾರವನ್ನೇ ಹೊತ್ತು ನಿಂತಿರುತ್ತದೆ. ಅದನ್ನು ನೆರಳಲ್ಲಿ ಆರಿಸಿ, ಬುಡಕ್ಕೆ ತೇವದ ಕಾಗದ ಸುತ್ತಿ, ಕೆಂಪು ಹಸಿರು ಎಲೆಗಳನ್ನು ಮೇಲಕ್ಕೆ ಒಟ್ಟುಗೂಡಿಸಿ, ಥಾಯ್ ಅಕ್ಷರದ ಹಳೆಯ ಪೇಪರಿನಲ್ಲಿ ಪೊಟ್ಟಣ ಕಟ್ಟುತ್ತಾರೆ. ಗಾಳಿಗೆ ತೂತು ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿ ಆ ಪೊಟ್ಟಣಗಳು ಸಾಲಾಗಿ ಮಲಗುತ್ತವೆ.

ಇಷ್ಟು ತೊಳೆಯುವುದು ಅಂದಕ್ಕಲ್ಲ. ಭಾರತಕ್ಕೆ ಬರುವ ಗಿಡದ ಜೊತೆ ಮಣ್ಣು ಬರುವಂತಿಲ್ಲ. ಒಣಹುಲ್ಲು ತುಂಬಿ ಪ್ಯಾಕ್ ಮಾಡುವಂತೆಯೂ ಇಲ್ಲ. 1914ರ ಕೀಟ ಮತ್ತು ಪೀಡೆಗಳ ಕಾಯಿದೆಯ ಅಡಿಯಲ್ಲಿ 2003ರಲ್ಲಿ ಹೊರಟ ಪ್ಲಾಂಟ್ ಕ್ವಾರಂಟೈನ್ ಆದೇಶ ಇದನ್ನು ಕಟ್ಟುನಿಟ್ಟಾಗಿ ಹೇಳುತ್ತದೆ.

ಈ ಪೆಟ್ಟಿಗೆಗಳಿಗಾಗಿ ಇಲ್ಲಿ ಕಾಯುವುದು ಹೆಸರಘಟ್ಟದ ಕಡೆಯ ಒಂದು ಪುಟ್ಟ ನರ್ಸರಿ. ಕೆಲವೇ ಗುಂಟೆ ಜಾಗ, ಎರಡು ಶೇಡ್ ನೆಟ್ ಚಪ್ಪರ, ಒಂದು ಬಾವಿ, ಕುಂಡ ತುಂಬುವ ಇಬ್ಬರು ಹೆಂಗಸರು, ಎಲ್ಲದಕ್ಕೂ ಓಡಾಡುವ ಒಬ್ಬ ಹುಡುಗ. ನಡೆಸುವಾಕೆಯನ್ನು ಎಲ್ಲರೂ ಕರೆಯುವುದು ಅಕ್ಕ ಎಂದೇ. ಗುಲಾಬಿ, ದಾಸವಾಳ, ಕ್ರೋಟನ್ ಮಾರಿ ಬದುಕುವ ನರ್ಸರಿಗೆ ಹೊರಗಿನ ಗಿಡ ಯಾಕೆ ಬೇಕು ಅಂದರೆ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬಿಸಿಲು ಬೀಳದ ಮೂಲೆಗಳಿಗೆ ಜನ ಬಣ್ಣದ ಎಲೆ ಕೇಳುತ್ತಾರೆ. ಅಗ್ಲೋನಿಮಾದ ಹೊಸ ತಳಿಗಳು ಥಾಯ್ಲೆಂಡಿನಲ್ಲಿ ಹೇರಳ. ಒಮ್ಮೆ ತಾಯಿಗಿಡ ಕೈಗೆ ಬಂದರೆ ಬುಡದಲ್ಲಿ ಮರಿ ಒಡೆಯುತ್ತದೆ, ಕಾಂಡ ಕತ್ತರಿಸಿ ನೆಟ್ಟರೂ ಬೇರು ಬಿಡುತ್ತದೆ. ಅಕ್ಕನ ಲೆಕ್ಕ ಇರುವುದು ಆ ಮರಿಗಳ ಮೇಲೆ. ವಿಮಾನದಲ್ಲಿ ಬಂದ ಗಿಡವನ್ನೇ ಮಾರಿ ಹಣ ಮಾಡುವ ಯೋಚನೆ ಆಕೆಗಿಲ್ಲ.

ಬ್ಯಾಂಕಾಕಿನಿಂದ ಬೆಂಗಳೂರಿಗೆ ಹಾರಾಟ ಮೂರೂವರೆ ಗಂಟೆಯ ಆಸುಪಾಸು. ಅಷ್ಟು ಹೊತ್ತನ್ನು ಯಾವ ಗಿಡವಾದರೂ ತಡೆದುಕೊಳ್ಳುತ್ತದೆ. ಗಿಡ ಸಾಯುವುದು ನೆಲದ ಮೇಲೆ, ಕಾಗದಕ್ಕಾಗಿ ಕಾಯುವಾಗ. ಈ ವ್ಯವಹಾರವನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಖಚಿತವಾಗಿರುವುದು ಇದೊಂದೇ: ಸಾಗಣೆ ಎಂದರೆ ಲಾರಿ, ವಿಮಾನ ಗೊತ್ತುಮಾಡುವುದಲ್ಲ, ಕಾಯುವ ಗಂಟೆಗಳನ್ನು ಮೊದಲೇ ಕಡಿಮೆ ಮಾಡಿಕೊಳ್ಳುವುದು.

ಮೊದಲು ಬೇಕಾದ್ದು ಆಮದು ಪರವಾನಗಿ. ಅದು ತರಿಸುವವರ ಹೆಸರಿಗೇ ಬರುತ್ತದೆ, ಇನ್ನೊಬ್ಬರಿಗೆ ಕೊಡಲಾಗದು. ಗಿಡದ ಸಸ್ಯಶಾಸ್ತ್ರೀಯ ಹೆಸರು, ಎಷ್ಟು, ಯಾವ ದೇಶದಿಂದ, ಯಾವ ನಿಲ್ದಾಣದಲ್ಲಿ ಇಳಿಯುತ್ತದೆ ಎಲ್ಲವೂ ಅದರಲ್ಲಿರಬೇಕು. ಆ ಪರವಾನಗಿ ಕೇಳುವ ಷರತ್ತುಗಳು ಆ ಕಡೆಯ ಫೈಟೋದಲ್ಲಿ ಕಾಣಬೇಕು. ಫೈಟೋ ಎಂದರೆ ಥಾಯ್ಲೆಂಡಿನ ಕೃಷಿ ಇಲಾಖೆ ಗಿಡಗಳನ್ನು ಪರೀಕ್ಷಿಸಿ ಕೊಡುವ ಸಸ್ಯ ಆರೋಗ್ಯ ಪತ್ರ. ಇಂಥ ಕೀಟವಿಲ್ಲ, ಇಂಥ ರೋಗವಿಲ್ಲ ಎಂಬ ಹೆಚ್ಚುವರಿ ಘೋಷಣೆಯನ್ನು ನಮ್ಮ ಆದೇಶ ಕೇಳಿದ್ದರೆ, ಅದು ಅಲ್ಲೇ ಬರೆದು ಬರಬೇಕು. ಒಂದು ಸಾಲು ಬಿಟ್ಟುಹೋದರೂ ಬೆಂಗಳೂರಿನಲ್ಲಿ ಇಳಿದ ಪೆಟ್ಟಿಗೆ ಮುಂದಕ್ಕೆ ಹೋಗದು.

ಆದ್ದರಿಂದ ಅಕ್ಕನದೊಂದು ಪದ್ಧತಿ ಇದೆ. ಫೈಟೋ ಅಂತಿಮವಾಗುವ ಮೊದಲು ಅದರ ಕರಡನ್ನು ಬೆಳೆಗಾರ ವಾಟ್ಸಾಪಿನಲ್ಲಿ ಕಳಿಸಬೇಕು. ಆಕೆ ಮೊಬೈಲಿನಲ್ಲಿ ಅದನ್ನು ದೊಡ್ಡದು ಮಾಡಿ, ಪಕ್ಕದಲ್ಲಿ ಪರವಾನಗಿಯ ಪ್ರತಿ ಇಟ್ಟುಕೊಂಡು, ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ಓದುತ್ತಾಳೆ. ಇನ್‌ವಾಯ್ಸಿನಲ್ಲಿ ಇರುವ ಹೆಸರು, ಪ್ಯಾಕಿಂಗ್ ಪಟ್ಟಿಯ ಹೆಸರು, ಏರ್‌ವೇ ಬಿಲ್ಲಿನ ಪೆಟ್ಟಿಗೆ ಸಂಖ್ಯೆ, ಎಲ್ಲವೂ ತಾಳೆಯಾಗಬೇಕು. ವ್ಯಾಪಾರದ ಹೆಸರು ಎಷ್ಟೇ ಮೋಹಕವಾಗಿರಲಿ, ಕಾಗದದಲ್ಲಿ ಕುಲ ಮತ್ತು ಪ್ರಭೇದವೇ ಬೇಕು. ಆರ್ಕಿಡ್ ಇದ್ದರೆ ಇನ್ನೊಂದು ಮಜಲು: ಇಡೀ ಆರ್ಕಿಡ್ ಕುಟುಂಬವೇ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ, ಅದರ ಕಾಗದಗಳು ಬೇರೆ. ಈ ಸಲ ಆರ್ಕಿಡ್ ಬೇಡವೆಂದು ಆಕೆ ಬಿಟ್ಟದ್ದು ಅದೇ ಕಾರಣಕ್ಕೆ.

ಇನ್ನು ತೂಕ. ಚಿಕ್ಕ ನರ್ಸರಿಯವರು ಮೊದಲ ಸಲ ಬೆಚ್ಚಿಬೀಳುವುದು ಇಲ್ಲೇ. ಎಲೆಗಿಡ ಹಗುರ, ಆದರೆ ಜಾಗ ತಿನ್ನುತ್ತದೆ. ವಿಮಾನ ಸಾಗಣೆಯವರು ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸುತ್ತಾರೆ. ಬಂದದ್ದು ಮತ್ತು ತಕ್ಕಡಿಯ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. 100 ಸೆಂಟಿಮೀಟರ್ ಉದ್ದ, 50 ಅಗಲ, 40 ಎತ್ತರದ ಪೆಟ್ಟಿಗೆ 33 ಕೆ.ಜಿ.ಗೂ ಮಿಕ್ಕಿ ಲೆಕ್ಕಕ್ಕೆ ಬರುತ್ತದೆ, ಒಳಗಿನ ಗಿಡ ಅದರ ಅರ್ಧದಷ್ಟೂ ತೂಗದಿದ್ದರೂ. ಹಾಗೆಂದು ಒತ್ತಿ ತುಂಬಿದರೆ ತೊಟ್ಟು ಮುರಿಯುತ್ತದೆ, ಒಳಗೆ ಬಿಸಿಯೇರಿ ಎಲೆ ಕೊಳೆಯುತ್ತದೆ. ಎಲೆ ತೀರಾ ದೊಡ್ಡದಾಗದ, ಬೇರು ಬಲಿತ ನಡುವಯಸ್ಸಿನ ಗಿಡ ಆರಿಸುವುದು ಹಣಕ್ಕೂ ಗಿಡಕ್ಕೂ ಒಳ್ಳೆಯದು.

ಸರಕು ಬುಕ್ ಮಾಡುವಾಗ ಆಕೆ ಕ್ಲಿಯರಿಂಗ್ ಏಜೆಂಟರಿಗೆ ಒತ್ತಿ ಹೇಳುವ ಮಾತುಗಳಿವೆ. ವಾರದ ಕೊನೆಗೆ ಇಳಿಯುವ ವಿಮಾನ ಬೇಡ. ಶುಕ್ರವಾರ ರಾತ್ರಿ ಬಂದ ಪೆಟ್ಟಿಗೆ ಎರಡು ದಿನ ಕತ್ತಲಲ್ಲೇ ಉಳಿಯುವ ಭಯ. ಮಾಗುತ್ತಿರುವ ಹಣ್ಣಿನ ಪಕ್ಕದಲ್ಲಿ ಇಡಿಸಬೇಡಿ. ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಎಲೆ ಹಳದಿಯಾಗಿ ಉದುರುತ್ತದೆ. ತೀರಾ ತಣ್ಣನೆಯ ಕೋಣೆಯೂ ಬೇಡ. ಕೊಯ್ದ ಹೂವಿಗೆ ಹಿತವಾದ ಚಳಿ ಅಗ್ಲೋನಿಮಾಕ್ಕೆ ಪೆಟ್ಟು. ಎಣ್ಣೆ ಸವರಿದಂತೆ ಕಪ್ಪು ಮಚ್ಚೆ ಏಳುತ್ತವೆ, ಅದೂ ಕೂಡಲೇ ಅಲ್ಲ, ಎರಡು ಮೂರು ದಿನ ಕಳೆದ ಮೇಲೆ. ಏಜೆಂಟರು ಎಲ್ಲಕ್ಕೂ "ಆಯ್ತು ಮೇಡಂ, ಬರ್ಕೊಂಡೆ" ಅನ್ನುತ್ತಾರೆ. ಆಕೆ ಮತ್ತೆ ಅದನ್ನೇ ಮೆಸೇಜು ಮಾಡುತ್ತಾಳೆ.

ಕೆಂಪೇಗೌಡ ವಿಮಾನ ನಿಲ್ದಾಣದ ಪ್ರಯಾಣಿಕರ ಕಡೆಯ ಹೊಳಪನ್ನಷ್ಟೇ ಕಂಡವರು ಕಾರ್ಗೋ ಕಡೆ ಒಮ್ಮೆ ಹೋಗಬೇಕು. ಫೋರ್ಕ್‌ಲಿಫ್ಟುಗಳ ಕಿರುಗುಟ್ಟು, ಡೀಸೆಲ್ ವಾಸನೆ, ಕೈಯಲ್ಲಿ ಫೈಲು ಹಿಡಿದು ಫೋನಿನಲ್ಲೇ ಅರ್ಧ ದಿನ ಕಳೆಯುವ ಏಜೆಂಟರ ಹುಡುಗರು. ಔಷಧ, ಯಂತ್ರದ ಬಿಡಿಭಾಗ, ಬಟ್ಟೆಯ ಬೇಲುಗಳ ನಡುವೆ ತೂತಿನ ರಟ್ಟಿನ ಪೆಟ್ಟಿಗೆ ಬಂದು ಕೂರುತ್ತದೆ. ಮೇಲೆ ಬಾಣದ ಗುರುತು, ಜೀವಂತ ಗಿಡ ಎಂಬ ಬರಹ. ಆದರೂ ಒಂದೆರಡು ಪೆಟ್ಟಿಗೆ ತಲೆಕೆಳಗೇ ಇರುತ್ತವೆ.

ಕ್ವಾರಂಟೈನ್ ಅಧಿಕಾರಿ ಪೆಟ್ಟಿಗೆ ಬಿಡಿಸುವ ಹೊತ್ತು ನನಗೆ ಇಡೀ ಪ್ರಯಾಣದ ಹೃದಯಭಾಗ ಅನಿಸುತ್ತದೆ. ಬಿಳಿ ಹಾಳೆ ಹಾಸಿ, ಗಿಡವನ್ನು ಅದರ ಮೇಲೆ ತಟ್ಟುತ್ತಾರೆ. ಉದುರಿದ್ದರಲ್ಲಿ ಚಲಿಸುವುದೇನಾದರೂ ಇದೆಯೇ? ಎಲೆ ತಿರುಗಿಸಿ ಅಡಿಯ ನರಗಳ ಗುಂಟ ಭೂತಗನ್ನಡಿ ಓಡಿಸುತ್ತಾರೆ. ತೊಟ್ಟು ಕಾಂಡಕ್ಕೆ ಸೇರುವ ಕಂಕುಳಲ್ಲಿ ಹತ್ತಿಯಂಥ ಬಿಳಿಯಿದ್ದರೆ ಹಿಟ್ಟು ತಿಗಣೆ. ಬೇರಿನಲ್ಲಿ ಗಂಟು, ಕಂದು ಗೀರು ಕಂಡರೆ ಜಂತುಹುಳುವಿನ ಅನುಮಾನ. ತೊಳೆದ ಬೇರಿನ ಬೆಲೆ ಗೊತ್ತಾಗುವುದು ಇಲ್ಲಿ, ಮರೆಮಾಚಲು ಏನೂ ಉಳಿದಿರುವುದಿಲ್ಲ. ಜೀವಂತ ಕೀಟ ಕಂಡರೆ ಹೊಗೆಯ ಉಪಚಾರ, ಇಲ್ಲವೇ ವಾಪಸು, ಇಲ್ಲವೇ ನಾಶ. ಮಿಥೈಲ್ ಬ್ರೋಮೈಡ್ ಹೊಗೆ ಕೀಟವನ್ನು ಕೊಲ್ಲುತ್ತದೆ ನಿಜ, ಮೆತ್ತನೆಯ ಎಲೆಯನ್ನೂ ಸುಡಬಲ್ಲದು. ಆ ನಿಮಿಷಗಳಲ್ಲಿ ಅಕ್ಕ ಏನೂ ಮಾತಾಡುವುದಿಲ್ಲ.

ಈ ತಪಾಸಣೆಯನ್ನು ಕಿರುಕುಳವೆಂದು ಗೊಣಗುವವರಿದ್ದಾರೆ. ಅವರನ್ನು ನಾನು ಕರಾವಳಿಯ ತೆಂಗಿನ ತೋಟಕ್ಕೆ ಕರೆದೊಯ್ಯಬೇಕೆಂದುಕೊಳ್ಳುತ್ತೇನೆ. ಮಧ್ಯ ಅಮೆರಿಕದ ಕಡೆಯ ಸುರುಳಿ ಬಿಳಿನೊಣ 2016ರಲ್ಲಿ ಪೊಳ್ಳಾಚಿಯ ತೆಂಗಿನಲ್ಲಿ ಕಾಣಿಸಿಕೊಂಡಿತು; ಆಮೇಲೆ ದಕ್ಷಿಣದ ತೋಟ ತೋಟಕ್ಕೂ ಹಬ್ಬಿತು. ಗರಿಯ ಅಡಿಯಲ್ಲಿ ಬಿಳಿ ಮೇಣದ ಸುರುಳಿ, ಅದರ ಅಂಟು ಕೆಳಗಿನ ಗರಿಗೆ ಸುರಿದು ಅದರ ಮೇಲೆ ಬೂಷ್ಟು ಕಟ್ಟಿ ಇಡೀ ಮರ ಮಸಿ ಬಳಿದಂತೆ ಕಪ್ಪು. ಅದಕ್ಕೂ ಮೊದಲು 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯಿ ಹಿಟ್ಟು ತಿಗಣೆ ಕಂಡಿತು. ಪಪ್ಪಾಯಿ ಮಾತ್ರವಲ್ಲ, ರೇಷ್ಮೆಯವರ ಹಿಪ್ಪುನೇರಳೆಯನ್ನೂ ಅದು ಹಾಳುಮಾಡಿತು. ಔಷಧ ಹೊಡೆದು ಸೋತ ಮೇಲೆ ಉತ್ತರ ಬಂದದ್ದು ಬೆಂಗಳೂರಿನ ಕೃಷಿ ಕೀಟ ಸಂಸ್ಥೆಯ ಮೂಲಕ. 2010ರಲ್ಲಿ ಪೋರ್ಟೊರಿಕೊದಿಂದ ಆ ತಿಗಣೆಯ ಸಹಜ ಶತ್ರುಗಳಾದ ಮೂರು ಬಗೆಯ ಪುಟ್ಟ ಕಣಜಗಳನ್ನು ತರಿಸಿದರು. ಅವುಗಳಲ್ಲಿ ಅಸೆರೊಫೇಗಸ್ ಪಪಾಯೆ ಎಂಬುದು ತಿಗಣೆಯನ್ನು ಹದ್ದುಬಸ್ತಿಗೆ ತಂದಿತು. ಆ ಕಣಜಗಳೂ ಪರವಾನಗಿ ಹೊತ್ತು, ಕ್ವಾರಂಟೈನಿನಲ್ಲಿ ಪರೀಕ್ಷೆಗೊಳಗಾಗಿಯೇ ಹೊಲಕ್ಕೆ ಇಳಿದವು. ತಿಗಣೆಯನ್ನು ಮಾತ್ರ ಬಾಗಿಲಲ್ಲಿ ಯಾರೂ ತಡೆದಿರಲಿಲ್ಲ.

ಹೊರಗಿನ ಗಿಡ ತರುವ ಆಸೆ ನಮ್ಮ ಊರಿಗೆ ಹೊಸದಲ್ಲ. ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗಿಗೆ ಟಿಪ್ಪು ದೇಶದೇಶದ ಸಸಿ ತರಿಸಿದ. ನಾವು ಸಾಂಬಾರಿಗೆ ಹಾಕುವ ಸೀಮೆಬದನೆ ನೆಲೆಯೂರಿದ್ದು ಲಾಲ್‌ಬಾಗಿನ ಮೇಲ್ವಿಚಾರಕ ಜಾನ್ ಕ್ಯಾಮರೂನರ ಕಾಲದಲ್ಲಿ. ಹಡಗಿನ ಕಾಲದಲ್ಲಿ ಉಪ್ಪುಗಾಳಿಗೆ ಬಹುಪಾಲು ಗಿಡ ದಾರಿಯಲ್ಲೇ ಸಾಯುತ್ತಿತ್ತು. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1833ರಲ್ಲಿ ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಜರಿಗಿಡಗಳನ್ನು ಸಿಡ್ನಿಗೆ ಜೀವಂತ ತಲುಪಿಸಿದ ಮೇಲೆ ಚಹಾ, ರಬ್ಬರ್, ಸಿಂಕೋನಾ ಎಲ್ಲ ಸಮುದ್ರ ದಾಟಿದವು. ಆದರೆ ಆ ಪೆಟ್ಟಿಗೆಯಲ್ಲಿ ಗಿಡದ ಜೊತೆ ಮಣ್ಣೂ ಇತ್ತು. ಮಣ್ಣಿನಲ್ಲಿ ಹುಳು, ಬೂಷ್ಟು, ಕಳೆಬೀಜ ಎಲ್ಲವೂ ಹೊಸ ನೆಲಕ್ಕೆ ಇಳಿದವು. ಇಂದು ನಖೋನ್ ಪಥೋಮಿನಲ್ಲಿ ಪೈಪು ಹಿಡಿದವರು ತೊಳೆಯುತ್ತಿರುವುದು ಆ ಹಳೆಯ ಪಾಠವನ್ನೇ ಕಲಿತು.

ಸೂಟ್‌ಕೇಸಿನ ಬಟ್ಟೆಯ ನಡುವೆ ಗಿಡ ಅಡಗಿಸಿ ತಂದು ಮಾರುವವರ ಬಗ್ಗೆ ನನಗೆ ಸಿಟ್ಟಿದೆ. ಅವರ ಗಿಡ ಅಗ್ಗ. ಪರವಾನಗಿ, ಬಾಡಿಗೆ, ಏಜೆಂಟರ ಹಣ ಎಲ್ಲ ಕೊಟ್ಟು ತಂದ ನರ್ಸರಿಯವರ ಗಿಡ ಅದರ ಎದುರು ದುಬಾರಿಯಾಗಿ ಕಾಣುತ್ತದೆ. ಕದ್ದು ತಂದವರು ಉಳಿಸಿದ ಆ ಹಣವನ್ನು ಯಾರದೋ ಅಡಿಕೆ, ತೆಂಗು, ದ್ರಾಕ್ಷಿ ತೋಟ ಎಂದಾದರೊಂದು ದಿನ ತೆರಬೇಕಾಗುತ್ತದೆ.

ಬಿಡುಗಡೆಯ ಮುದ್ರೆ ಬಿದ್ದ ಕೂಡಲೇ ಓಟ. ಹೊರಗೆ ಟಾಟಾ ಏಸ್ ಸಜ್ಜಾಗಿರುತ್ತದೆ. ಮೇಲೆ ಟಾರ್ಪಾಲಿನ್, ಪಕ್ಕ ಬಿಚ್ಚಿ ಗಾಳಿಯಾಡಲು ಜಾಗ, ತಳಕ್ಕೆ ಒದ್ದೆ ಗೋಣಿ. "ಅಣ್ಣಾ, ಹಂಪಲ್ಲಿ ನಿಧಾನ. ಬಿಸಿಲಲ್ಲಿ ನಿಲ್ಲಿಸಿ ಟೀ ಕುಡಿಯೋಕೆ ಹೋಗ್ಬೇಡಿ, ನರ್ಸರೀಲೇ ಮಾಡಿಸ್ಕೊಡ್ತೀನಿ," ಎಂದು ಅಕ್ಕ ಮುಂದಿನ ಸೀಟಿನಲ್ಲೇ ಕೂರುತ್ತಾಳೆ.

ನರ್ಸರಿಯಲ್ಲಿ ಈ ಗಿಡಗಳಿಗೆ ಜಾಗವೇ ಬೇರೆ. ನುಸಿಬಲೆ ಬಿಗಿದ ಗೂಡು, ಒಂದರ ಹಿಂದೆ ಒಂದು ಎರಡು ಬಾಗಿಲು, ಒಳಗೆ ಹೋಗುವವರ ಕಾಲಿಗೆ ಔಷಧದ ನೀರು, ಮೂಲೆಯಲ್ಲಿ ಹಳದಿ ಅಂಟುಹಾಳೆ. ಬೆಳೆಸಲು ತಂದ ಗಿಡಕ್ಕೆ ಪರವಾನಗಿಯಲ್ಲಿ ಪ್ರತ್ಯೇಕವಾಸ ಬರೆದಿದ್ದರೆ, ಅಷ್ಟೂ ದಿನ ಒಂದು ಎಲೆಯೂ ಹೊರಗೆ ಹೋಗುವಂತಿಲ್ಲ. ಅದಕ್ಕೆಂದು ನೇಮಿಸಿದ ತಜ್ಞರು ಬಂದು ನೋಡಿ ಒಪ್ಪಬೇಕು. ಪೊಟ್ಟಣ ಬಿಚ್ಚಿದಾಗ ಗಿಡ ಸೊರಗಿರುತ್ತದೆ, ಕೆಳಗಿನ ಎಲೆ ಹಳದಿ. "ಅಕ್ಕಾ, ಇದು ಸತ್ತೋಯ್ತಾ?" ಎಂದು ಹುಡುಗ ಒಂದನ್ನು ಎತ್ತಿ ತೋರಿಸುತ್ತಾನೆ. ಆಕೆ ಎಲೆ ನೋಡುವುದಿಲ್ಲ, ಬೇರನ್ನು ಬೆರಳಲ್ಲಿ ಒತ್ತುತ್ತಾಳೆ. ಗಟ್ಟಿ ಇದ್ದರೆ ಉಳಿಯುತ್ತದೆ; ಮೆತ್ತಗಾಗಿ ಸಿಪ್ಪೆ ಜಾರಿದರೆ ಅಲ್ಲಿಗೆ ಕತ್ತರಿ. ಕೊಳೆತದ್ದನ್ನು ಕತ್ತರಿಸಿ, ಶಿಲೀಂಧ್ರನಾಶಕದಲ್ಲಿ ಅದ್ದಿ, ಆರಿಸಿ, ಹೊಸ ಕೋಕೋಪೀಟಿನಲ್ಲಿ ನೆಡುತ್ತಾರೆ. ಮೊದಲ ದಿನಗಳಲ್ಲಿ ಬುಡಕ್ಕೆ ನೀರು ಕಡಿಮೆ, ಸುತ್ತಲ ಗಾಳಿಗೆ ತೇವ ಹೆಚ್ಚು. ಗೊಬ್ಬರ ಇಲ್ಲವೇ ಇಲ್ಲ. ಗಿಡ ಕಂಡ ಕೂಡಲೇ ನೀರು ಸುರಿಯುವ ಕೈಗೆ ಇದು ಕಷ್ಟದ ಕೆಲಸ. ನಡುವಿನ ಸುಳಿ ಬಿಚ್ಚಿಕೊಂಡು ಹೊಸ ಎಲೆ ಬಂದ ಮೇಲೆ ಆ ಗಿಡವನ್ನು ತಾಯಿಗಿಡಗಳ ಸಾಲಿಗೆ ಸೇರಿಸುತ್ತಾರೆ.

ಊರುಗಳಿಗೆ ಹೊರಡುವುದು ಆ ತಾಯಿಗಿಡಗಳ ಮರಿಗಳು. ಶಿವಮೊಗ್ಗಕ್ಕೆ, ಶಿರಸಿಗೆ, ಹುಬ್ಬಳ್ಳಿಗೆ ರಾತ್ರಿ ಬಸ್ಸಿನ ಪಾರ್ಸಲ್. ಕೆಎಸ್‌ಆರ್‌ಟಿಸಿ 2021ರಲ್ಲಿ ‘ನಮ್ಮ ಕಾರ್ಗೋ’ ಸೇವೆ ಶುರುಮಾಡಿದ ಮೇಲೆ ಸಣ್ಣ ನರ್ಸರಿಯವರಿಗೆ ಅದೂ ಒಂದು ದಾರಿ. ರಾತ್ರಿ ಪಯಣದಲ್ಲಿ ಬಿಸಿಲಿಲ್ಲ, ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಗಿಡ ಕೈಸೇರುತ್ತದೆ. ಕುಂಡದ ಬಾಯಿಗೆ ಕಾಗದ ತುರುಕಿ ಟೇಪು ಸುತ್ತಿ, ಪೆಟ್ಟಿಗೆಯ ನಾಲ್ಕೂ ಕಡೆ ಫೋನ್ ನಂಬರು ಬರೆದು ಕಳಿಸುತ್ತಾರೆ. ತಲುಪಿದ ಕೂಡಲೇ ಫೋಟೋ ಕಳಿಸಿ ಎಂದು ಕೊಳ್ಳುವವರಿಗೆ ಮೊದಲೇ ಹೇಳಿರುತ್ತಾರೆ. ಮುರಿದದ್ದಕ್ಕೆ ಬದಲಿ ಗಿಡ, ತಕರಾರಿಲ್ಲ.

ಮುಂದಿನ ಆರ್ಡರ್ ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಲ್ಲಿ. ಏಪ್ರಿಲ್ ಬಿಸಿಲಿಗೆ ಟಾಟಾ ಏಸಿನ ತಗಡು ಕಾಯುತ್ತದೆ, ಡಿಸೆಂಬರಿನ ರಾತ್ರಿ ಬೇರು ಹಿಡಿಯದ ಗಿಡಕ್ಕೆ ಚಳಿ. ಹತ್ತಾರು ಜಾತಿ ತರಿಸುವ ಬದಲು ಎರಡೇ ಜಾತಿಯಲ್ಲಿ ಹೆಚ್ಚು ಗಿಡ ಎಂದು ಅಕ್ಕ ತೀರ್ಮಾನಿಸಿದ್ದಾಳೆ. ಪರವಾನಗಿಯಲ್ಲಿ ಸಾಲು ಕಡಿಮೆಯಾದಷ್ಟೂ ತಾಳೆ ನೋಡುವುದು ಸಲೀಸು. ಅಕ್ಕಪಕ್ಕದ ಇಬ್ಬರು ನರ್ಸರಿಯವರು ಮರಿಗಳಿಗೆ ಈಗಲೇ ಹೆಸರು ಬರೆಸಿ ಮುಂಗಡ ಕೊಟ್ಟಿದ್ದಾರೆ, ವಿಮಾನದ ಬಾಡಿಗೆಯ ಒಂದು ಪಾಲು ಅದರಲ್ಲೇ ಹುಟ್ಟುತ್ತದೆ.