ಹೆಸರಿಲ್ಲದ ಬೀಡಿನ ಕಾವಲಿ: ಹರಾಜಿನಲ್ಲಿ ಕೊಳ್ಳುವ ಮುನ್ನ

ನಾನು ಬರೆಯುವವನಲ್ಲ. ಮುಂಬಯಿಯ ರಾತ್ರಿಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ ಗಲ್ಲಾದಲ್ಲಿ ಕುಳಿತವನು. ಕಳೆದ ಸಭೆಯಲ್ಲಿ ಹಳೆಯ ಕಾವಲಿಯ ವಿಷಯ ಮಾತಾಡಿದಾಗ, ಇದನ್ನೇ ಬರೆದು ಕೊಡಿ ಎಂದು ಕಾರ್ಯದರ್ಶಿಯವರು ಹೇಳಿದ್ದರಿಂದ ಈ ನಾಲ್ಕು ಮಾತು.

ನಮ್ಮ ಹೋಟೆಲಿನಲ್ಲಿ ಭಾನುವಾರ ಬೆಳಿಗ್ಗೆ ನೀರುದೋಸೆ ಇರುತ್ತದೆ. ಮಸಾಲೆದೋಸೆಗೆ ಉಕ್ಕಿನ ದೊಡ್ಡ ತವಾ ಸಾಕು. ನೀರುದೋಸೆಗೆ ಮಾತ್ರ ಪಳಗಿದ ಬೀಡಿನ ಕಾವಲಿಯೇ ಬೇಕು. ಮಾವನವರು ಊರಿನಿಂದ ತಂದಿಟ್ಟ ನಾಲ್ಕು ಕಾವಲಿಗಳಲ್ಲಿ ನಡೆಸುತ್ತಿದ್ದೆವು. ಎರಡು ವರ್ಷದ ಹಿಂದೆ ಹೊಸ ಹುಡುಗನೊಬ್ಬ ಕಾದ ಕಾವಲಿಯ ಮೇಲೆ ತಣ್ಣೀರು ಸುರಿದ. ಟಣ್ ಎಂದು ಸೀಳು ಬಿಟ್ಟಿತು. ಬೈದು ಫಲವಿಲ್ಲ, ಬೀಡಿನ ಗುಣವೇ ಅದು. ಅದರಲ್ಲಿ ಇಂಗಾಲ ಶೇಕಡಾ 2ಕ್ಕಿಂತ ಹೆಚ್ಚು ಇರುವುದರಿಂದ ಬಾಗಲಾರದು, ಒಡೆಯುತ್ತದೆ.

ಪೇಟೆಯಲ್ಲಿ ಹೊಸದು ತಂದೆ. ಮೈಯೆಲ್ಲ ಮರಳು ಮರಳು, ದೋಸೆ ಏಳಲಿಲ್ಲ. ಅದೇ ವರ್ಷ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಮೂರು ತಿಂಗಳ ಮಟ್ಟಿಗೆ ಹೋಗಿದ್ದೆ. ಅಲ್ಲಿ ಅವಳು ಕಂಪ್ಯೂಟರಿನಲ್ಲಿ ಹಳೆಯ ಬೀಡಿನ ಪಾತ್ರೆಗಳ ಹರಾಜು ತೋರಿಸಿದಳು. ಅಮೆರಿಕದವರು ನೂರು ವರ್ಷದ ಹಿಂದೆ ಕಟ್ಟಿಗೆ ಒಲೆಯ ಮೇಲೆ ಇಡುತ್ತಿದ್ದ ಬಾಣಲೆ, ಚಪ್ಪಟೆ ಕಾವಲಿ ಎಲ್ಲವೂ ಅಲ್ಲಿದ್ದವು. ಒಳಮೈ ಕನ್ನಡಿಯಂತೆ ನುಣುಪು. ಆ ಕಾಲದ ಒಳ್ಳೆಯ ಕಾರ್ಖಾನೆಗಳು ಎರಕ ಹೊಯ್ದ ಮೇಲೆ ಒಳಮೈಯನ್ನು ಉಜ್ಜಿ ನಯ ಮಾಡುತ್ತಿದ್ದವು. ಮುಂದೆ ಖರ್ಚು ಉಳಿಸಲು ಹೆಚ್ಚಿನವರು ಆ ಕೆಲಸ ಬಿಟ್ಟರು.

ಹೆಸರಿಗೆ ಬೆಲೆ

ಅಲ್ಲಿ ದೊಡ್ಡ ಹೆಸರುಗಳು ಎರಡು. ಪೆನ್ಸಿಲ್ವೇನಿಯಾದ ಈರಿ ಪಟ್ಟಣದ ಗ್ರಿಸ್ವೋಲ್ಡ್ 1865ರಲ್ಲಿ ಶುರುವಾಗಿ 1957ರಲ್ಲಿ ಮುಚ್ಚಿತು. ಓಹಾಯೋದ ಸಿಡ್ನಿಯಲ್ಲಿ 1891ರಲ್ಲಿ ಆರಂಭವಾದದ್ದು ವ್ಯಾಗ್ನರ್. ಇವುಗಳ ಮುದ್ರೆ ಇದ್ದರೆ ಸಂಗ್ರಹ ಮಾಡುವವರು ಮೇಲೆ ಬಿದ್ದು ಕೊಳ್ಳುತ್ತಾರೆ. ಗ್ರಿಸ್ವೋಲ್ಡ್ ಹೆಸರಿನ ನಕಲಿಗಳೂ ಇವೆ. ನಮಗೆ ಬೇಕಾದದ್ದು ದೋಸೆ, ಮುದ್ರೆಯಲ್ಲ. ಹೆಸರಿಲ್ಲದವು ಅದರ ಎಷ್ಟೋ ಕಡಿಮೆ ಬೆಲೆಗೆ ಸಿಗುತ್ತವೆ.

ಹೆಸರಿಲ್ಲದಿದ್ದರೂ ಗುರುತು ಹಿಡಿಯಲು ಕೆಲವು ದಾರಿ ಇವೆ. ತಳದ ಮಧ್ಯೆ ಉದ್ದ ಗೀರಿನಂತಹ ಎರಕದ ಗಾಯ ಇದ್ದರೆ ಸಾಮಾನ್ಯವಾಗಿ 1890ಕ್ಕಿಂತ ಹಿಂದಿನದು. ತಳದಲ್ಲಿ ಬಳೆಯಂತೆ ಉಬ್ಬಿದ ಅಂಚಿದ್ದರೆ ಅದು ಕಟ್ಟಿಗೆ ಒಲೆಯ ಬಾಯಿಯ ಮೇಲೆ ಕೂರಲು ಮಾಡಿದ್ದು. ಆ ಬಳೆ ಮೂರು ಕಡೆ ತುಂಡಾಗಿದ್ದರೆ ಟೆನ್ನೆಸ್ಸಿಯ ಲಾಡ್ಜ್ ಕಂಪೆನಿಯ ಹಳೆಯ ಬಾಣಲೆ ಇರಬಹುದು. 1896ರಲ್ಲಿ ಆರಂಭವಾದ ಆ ಕಂಪೆನಿ ಈಗಲೂ ನಡೆಯುತ್ತಿದೆ. ಇನ್ನೊಂದು ಎಚ್ಚರಿಕೆ: ಪಾತ್ರೆಯ ಮೇಲಿನ 8 ಎಂಬ ಅಂಕಿ ಇಂಚಲ್ಲ, ಒಲೆಯ ಬಾಯಿಯ ನಂಬರು. 8ರ ಬಾಣಲೆಯ ಬಾಯಿ ಸುಮಾರು 10.5 ಇಂಚು.

ನಾನು ಕೊಂಡ ಮೂರು

ಮೊದಲನೆಯದಕ್ಕೆ 22 ಡಾಲರ್, ಅಂಚೆಗೆ 19. ಮಾರಿದವರು ಒಂದು ಹಾಳೆ ಪೇಪರ್ ಸುತ್ತಿ ಕಳಿಸಿದ್ದರು. ಪೆಟ್ಟಿಗೆ ಬಿಚ್ಚಿದರೆ ಹಿಡಿ ಬೇರೆ, ಕಾವಲಿ ಬೇರೆ. ಅಂದಿನಿಂದ ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟು ಕಳಿಸಿ ಎಂದು ಮೊದಲೇ ಬರೆಯತೊಡಗಿದೆ.

ಎರಡನೆಯದು ಆಳವಾದ ಬಾಣಲೆ. ಸಪಾಟು, ಸೀಳಿಲ್ಲ, ಅಗ್ಗ. ಆದಿತ್ಯವಾರ ಮೊಮ್ಮಗಳಿಗೆ ಅದರಲ್ಲೇ ಬನ್ಸ್ ಕರಿಯುತ್ತೇನೆ ಎಂದು ಹೇಳಿಯೂ ಆಗಿತ್ತು. ತಳದ ಮೂಲೆಯಲ್ಲಿ ಬೂದು ಬಣ್ಣದ ಮೆತ್ತನೆ ಹನಿಗಳು ಅಂಟಿದ್ದವು. ಉಗುರಿನಲ್ಲಿ ಗೀರಿದರೆ ಬೆಳ್ಳಗೆ ಹೊಳೆಯಿತು. ಮಗಳಿಗೆ ಸಂಶಯ ಬಂತು. "ಅಪ್ಪ, ಒಲೆಗೆ ಇಡಬೇಡಿ" ಎಂದವಳೇ ಅಂಗಡಿಯಿಂದ ಸೀಸ ಪರೀಕ್ಷಿಸುವ ಕಡ್ಡಿ ತಂದಳು. ತಿಕ್ಕಿದೊಡನೆ ಬಣ್ಣ ತಿರುಗಿತು. ಅಲ್ಲಿನವರು ಇಂತಹ ಬಾಣಲೆಗಳಲ್ಲಿ ಗುಂಡಿಗೆ, ಮೀನುಗಾಳದ ಭಾರಕ್ಕೆ ಸೀಸ ಕರಗಿಸುತ್ತಿದ್ದರಂತೆ. ನಮ್ಮ ಕರಾವಳಿಯಲ್ಲಿ ಬಲೆಗೆ ಸೀಸದ ಗುಂಡು ಕಟ್ಟುವುದನ್ನು ನೋಡಿ ಬೆಳೆದವನಿಗೆ ಇದು ಹೊಳೆಯಬೇಕಿತ್ತು. ಸೀಸ ಮಕ್ಕಳ ಮೆದುಳಿಗೇ ಪೆಟ್ಟು ಕೊಡುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಯಿತೆಂದು ನಂಬುವಂತಿಲ್ಲ.

ಮತ್ತೆ ಹರಾಜಿಗೆ ಹಾಕಿದರೆ ದುಡ್ಡು ವಾಪಸ್ಸು ಬರುತ್ತಿತ್ತು. ಆ ಯೋಚನೆ ನನಗೂ ಬಂತು, ಸುಳ್ಳು ಹೇಳಲಾರೆ. ಆದರೆ ಮೂವತ್ತು ವರ್ಷ ಜನರಿಗೆ ಅನ್ನ ಬಡಿಸಿ ಬದುಕಿದವನು ಇನ್ನೊಬ್ಬರ ಅಡುಗೆಮನೆಗೆ ವಿಷ ಕಳಿಸುವುದೇ? ಅದರ ಮೇಲೆ ಬಣ್ಣದಲ್ಲಿ ಸೀಸ ಎಂದು ಇಂಗ್ಲಿಷಿನಲ್ಲಿ ಬರೆಸಿ, ಅಪಾಯಕಾರಿ ಕಸ ಸಂಗ್ರಹಿಸುವಲ್ಲಿಗೆ ಕೊಟ್ಟು ಬಂದೆ.

ಮೂರನೆಯದು ಚಪ್ಪಟೆ ಕಾವಲಿ. ಕರಿ ಕಟ್ಟಿ ಇದ್ದಿಲಿನಂತಿತ್ತು. ಮಡಕೆ ಕೊಳ್ಳುವಾಗ ಬೆರಳಿನಿಂದ ಬಡಿದು ನೋಡುತ್ತೇವಲ್ಲ, ಹಾಗೆಯೇ ಬಡಿದೆ. ಗಂಟೆಯ ನಾದ ಬಂತು. ಸೀಳಿದ್ದರೆ ಬೊದ್ದು ಸದ್ದು ಬರುತ್ತದೆ. ಗಾಜಿನ ಮೇಲಿಟ್ಟು ಅಂಚು ಒತ್ತಿದೆ, ಅಲುಗಲಿಲ್ಲ. ಸೀಸದ ಪರೀಕ್ಷೆಯೂ ಆಯಿತು. ಈ ಪರೀಕ್ಷೆಯನ್ನು ಉಜ್ಜುವ ಮೊದಲೇ ಮಾಡಬೇಕು, ಇಲ್ಲದಿದ್ದರೆ ಪುಡಿ ಮನೆಯೆಲ್ಲ ಹರಡುತ್ತದೆ.

ಪಳಗಿಸುವ ಕ್ರಮ

ಕರಿ ಸುಡಲು ಬೆಂಕಿಗೆ ಎಸೆಯಬೇಡಿ, ಕಾವಲಿ ಡೊಂಕಾಗುತ್ತದೆ. ಪ್ಲಾಸ್ಟಿಕ್ ಬಕೇಟಿನಲ್ಲಿ 20 ಲೀಟರ್ ತಣ್ಣೀರಿಗೆ ಸುಮಾರು ಅರ್ಧ ಕಿಲೋ ಕಾಸ್ಟಿಕ್ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಿ. ಸೋಡಾದ ಮೇಲೆ ನೀರು ಸುರಿಯಲೇಬಾರದು, ಸಿಡಿಯುತ್ತದೆ. ಕೈಗವಸು, ಕನ್ನಡಕ ಕಡ್ಡಾಯ. ಅಲ್ಯೂಮಿನಿಯಂ ಪಾತ್ರೆ ಹತ್ತಿರ ಬೇಡ. ಕಾವಲಿ ಮುಳುಗಿಸಿ ಕೆಲವು ದಿನ ಬಿಡಿ, ಕರಿ ಸುಲಿದು ಬರುತ್ತದೆ. ಚೆನ್ನಾಗಿ ತೊಳೆದ ಮೇಲೆ ತುಕ್ಕಿದ್ದರೆ ವಿನೆಗರ್ ಮತ್ತು ನೀರು ಸಮ ಸಮ ಬೆರೆಸಿ ಅದರಲ್ಲಿ ಇಡಿ. ಅರ್ಧ ಗಂಟೆ ಮೀರಬಾರದು, ಮೀರಿದರೆ ಕಬ್ಬಿಣವನ್ನೇ ತಿನ್ನುತ್ತದೆ. ತೆಗೆದ ಕೂಡಲೇ ತೊಳೆದು ಒಲೆಯ ಮೇಲೆ ಒಣಗಿಸಿ.

ಬಳಿಕ ಎಣ್ಣೆ ಸವರಿ, ಸವರಿದ್ದೇ ಇಲ್ಲವೆಂಬಷ್ಟು ಒರೆಸಿ ತೆಗೆಯಬೇಕು. ದಪ್ಪ ಬಿಟ್ಟರೆ ಅಂಟಂಟಾಗುತ್ತದೆ. ಓವನ್‌ನಲ್ಲಿ ಬೋರಲು ಹಾಕಿ 230 ಡಿಗ್ರಿಯಲ್ಲಿ ಒಂದು ಗಂಟೆ. ಹೀಗೆ ಮೂರು ನಾಲ್ಕು ಸಲ. ನಾವು ಊರಿನವರು ತೆಂಗಿನೆಣ್ಣೆಗೆ ಕೈ ಹಾಕುತ್ತೇವೆ. ಅದು ಬೇಗ ಗಟ್ಟಿ ಪದರ ಕಟ್ಟುವುದಿಲ್ಲ, ಸೂರ್ಯಕಾಂತಿ ಎಣ್ಣೆ ಕಟ್ಟುತ್ತದೆ.

ಸೋಡಾದಿಂದ ಎದ್ದ ಕಾವಲಿಯ ತಳದಲ್ಲಿ 9 ಎಂಬ ಅಂಕಿ ಮಾತ್ರ ಕಂಡಿತು. ಯಾರು ಎರಕ ಹೊಯ್ದರೋ ಇವತ್ತಿಗೂ ಗೊತ್ತಾಗಿಲ್ಲ. ಬ್ಯಾಗಿನಲ್ಲಿ ಹಾಕಿ ತಂದೆ. ಮೊದಲ ಎರಡು ನೀರುದೋಸೆ ಹರಿದವು, ಮೂರನೆಯದು ಈರುಳ್ಳಿ ಸವರಿ ಹೊಯ್ದಾಗ ತಾನೇ ಎದ್ದು ಬಂತು. ಈಗ ಭಾನುವಾರಕ್ಕೆ ಮತ್ತೆ ನಾಲ್ಕು ಕಾವಲಿ.

ಲೆಕ್ಕ ಹಾಕಿದರೆ ಮೂರರ ದುಡ್ಡಿಗೆ ಒಂದು ಸಿಕ್ಕಿತು. ಆದ್ದರಿಂದ ಇದರಲ್ಲಿ ಲಾಭವಿದೆ ಎಂದು ಹೇಳುವುದಿಲ್ಲ. ಹೇಳುವುದಿಷ್ಟೇ: ಹರಾಜಿಗೆ ಹೋಗುವ ಮೊದಲು ಊರಿನ ಮನೆಯ ಅಟ್ಟ ಹತ್ತಿ ನೋಡಿ. ಅಜ್ಜಿಯ ಕಾವಲಿ ಅಲ್ಲಿದ್ದರೆ ಗುಜರಿಗೆ ಹಾಕಬೇಡಿ. ಸೋಡಾ ಮತ್ತು ಎಣ್ಣೆಯ ಖರ್ಚಿನಲ್ಲಿ ಅದು ಮತ್ತೆ ದೋಸೆ ಹೊಯ್ಯುತ್ತದೆ. ಹೊಸ ಹುಡುಗರಿಗೆ ಮೊದಲ ದಿನವೇ ಹೇಳಿಕೊಡಿ: ಕಾದ ಬೀಡಿಗೆ ತಣ್ಣೀರು ಬೇಡ.